ಎಡಗೈಗೊಂದು ಗರಗಸ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಬಲಗಾಲು ನಿಧಾನವಾಗಿ ಮಾತು ಕೇಳತೊಡಗಿತು. ಬಲಗೈ ಕೇಳಲಿಲ್ಲ. ಭುಜದಿಂದ ಮೊಣಕೈವರೆಗೆ ಆಡಿಸಬಲ್ಲೆ, ಬೆರಳುಗಳು ಮಾತ್ರ ಯಾವುದನ್ನೂ ಬಿಗಿಯಾಗಿ ಹಿಡಿಯಲಾರವು. ಚಹಾದ ಕಪ್ಪು, ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ, ಎಲ್ಲಕ್ಕೂ ಎಡಗೈಯನ್ನೇ ಪಳಗಿಸಿಕೊಂಡೆ. ಪಳಗದೆ ಉಳಿದದ್ದು ಹ್ಯಾಕ್ಸಾ. ಕಬ್ಬಿಣ ಕೊಯ್ಯುವ ಆ ಕೈಗರಗಸಕ್ಕೆ ಎರಡು ಕೈ ಬೇಕು. ಒಂದು ತಳ್ಳಬೇಕು, ಇನ್ನೊಂದು ದಾರಿ ತಪ್ಪದಂತೆ ಹಿಡಿದಿರಬೇಕು. ನಾನು ಎಡಗೈಯೊಂದರಲ್ಲೇ ಎಳೆದಾಗಲೆಲ್ಲ ಬ್ಲೇಡು ಬಳುಕಿ, ಪೈಪಿನ ಅರ್ಧದಲ್ಲಿ ಸಿಕ್ಕಿಕೊಂಡು ಮುರಿಯುತ್ತಿತ್ತು.

ನಾನು ಪುಣೆ ಹತ್ತಿರದ ಪಿಂಪರಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದವನು. ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದ ಅಣ್ಣ ನನ್ನನ್ನೂ ಕರೆಸಿಕೊಂಡು, ಐಟಿಐ ಓದಿಸಿ, ಕಾರ್ಖಾನೆಗೆ ಸೇರಿಸಿದ. ಪುಣೆಯ ಧನಕವಡಿಯಲ್ಲಿ ನಮ್ಮಿಬ್ಬರದೂ ಒಂದೇ ಮನೆ. ಮೇಲಿನ ಮಹಡಿ ಅಣ್ಣನದು, ಕೆಳಗಿನದು ನಮ್ಮದು. ಮನೆಯ ಮುಂದೆ ತಗಡಿನ ಮಾಡಿನ ಒಂದು ಕೋಣೆ ಇದೆ. ಅದರಲ್ಲಿ ಒಂದು ಗಟ್ಟಿ ಮೇಜು, ಅದಕ್ಕೆ ಕೂರಿಸಿದ, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು, ಡ್ರಿಲ್ಲಿಂಗ್ ಮಷೀನು, ಗೋಡೆಗೆ ಒರಗಿಸಿದ ಪೈಪು, ಪಟ್ಟಿ, ಎಲ್ ಆಕಾರದ ಆ್ಯಂಗಲ್ಲುಗಳು. ದಿನವಿಡೀ ಕಾರ್ಖಾನೆಯವರು ಹೇಳಿದ ಅಳತೆಗೆ ಕೆಲಸ ಮಾಡಿ ಬಂದು, ಸಂಜೆ ಆ ಕೋಣೆಯಲ್ಲಿ ನನ್ನ ಅಳತೆಗೆ ಕೆಲಸ ಮಾಡುತ್ತಿದ್ದೆ. ಕುಂಡದ ಸ್ಟ್ಯಾಂಡು, ಕಿಟಕಿಯ ಜಾಳಿಗೆ, ಪಕ್ಕದ ಮನೆಯ ಕೂಸಿನ ತೊಟ್ಟಿಲು ತೂಗುಹಾಕುವ ಚೌಕಟ್ಟು. ದೊಡ್ಡ ವಸ್ತುಗಳೇನಲ್ಲ. ಆದರೆ ಆ ಕೋಣೆಗೆ ಕಾಲಿಟ್ಟರೆ ನಾನು ಯಾರೆಂದು ಮತ್ತೆ ಕೇಳಿಕೊಳ್ಳಬೇಕಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಹೊರಗೆ ಕಬ್ಬಿಣದ ಸದ್ದು ಕೇಳಿಸಿತು. ಕೋಲು ಊರಿಕೊಂಡು ಹೋಗಿ ನೋಡಿದರೆ, ಅಣ್ಣ ಗುಜರಿಯವನನ್ನು ಕರೆತಂದು ನನ್ನ ಕೋಣೆಯೊಳಗೆ ನಿಂತಿದ್ದ. ಪೈಪುಗಳು ಆಗಲೇ ಕೈಗಾಡಿಯ ಮೇಲಿದ್ದವು. ನಾನು ಒಳಗೆ ಹೋಗಿ, ಸ್ಟೂಲು ಎಳೆದುಕೊಂಡು ವೈಸಿನ ಮುಂದೆ ಕೂತುಬಿಟ್ಟೆ.

"ತಮ್ಮಾ, ಏಳು. ಅವನ ಹೊತ್ತ ಹಾಳಾಗ್ತದ," ಅಂದ ಅಣ್ಣ.

"ಆಗ್ಲಿ."

"ಇವನ್ನ ಇಟಗೊಂಡ ಏನ ಮಾಡಾಂವ ಇದ್ದಿ? ನೋಡಿ ನೋಡಿ ಮನಸ್ಸಿಗೆ ಹಚಗೊಳ್ತಿ. ಕಣ್ಣ ಮುಂದ ಇಲ್ಲಂದ್ರ ಮರೀತಿ."

"ಮರೀಬೇಕಂತ ನಾ ಯಾವಾಗ ಅಂದೀನಿ?"

ಗುಜರಿಯವನು ನಮ್ಮಿಬ್ಬರ ಮುಖ ನೋಡಿ, "ಕಾಕಾ, ಉದ್ಯಾ ಯೇವೂ ಕಾ?" ಎಂದು ಮರಾಠಿಯಲ್ಲಿ ಕೇಳಿದ. ನಾಳೆಯೂ ಬರಬೇಡ, ನಾಡಿದ್ದೂ ಬರಬೇಡ, ಗಾಡಿಯ ಮೇಲಿಟ್ಟದ್ದನ್ನು ಇದ್ದ ಜಾಗದಲ್ಲೇ ಇಟ್ಟು ಹೋಗು ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಅವನು ಪಾಪ, ಒಂದೊಂದಾಗಿ ಇಟ್ಟು ಹೋದ. ಅಣ್ಣ ಸಿಟ್ಟಿನಿಂದ ಮೆಟ್ಟಿಲು ಹತ್ತಿದ್ದು ಕೇಳಿಸಿತು. ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂದಿತ್ತು.

ಕೂತರೆ ಸಾಲದು, ಕೆಲಸ ಶುರುಮಾಡಬೇಕಿತ್ತು. ಮಾಡಬೇಕಾದ ಕೆಲಸ ಮನೆಯಲ್ಲೇ ಇತ್ತು. ಬಚ್ಚಲಲ್ಲಿ ನಾನು ಏಳುವಾಗ, ಕೂರುವಾಗ ಹೆಂಡತಿ ಹೆಗಲು ಕೊಡಬೇಕಾಗುತ್ತಿತ್ತು. ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ಕಿನ ಹಿಡಿಕೆಯೊಂದನ್ನು ತಂದಿದ್ದಳು. ಅದು ಮೊದಲ ವಾರವೇ ಕಿತ್ತು ಕೈಗೆ ಬಂತು, ಅದರ ಜೊತೆ ನಾನೂ ನೆಲಕ್ಕೆ ಬಂದೆ. ಸ್ಟೀಲ್ ಪೈಪಿನಿಂದ ಗೋಡೆಯುದ್ದಕ್ಕೂ ಕೈಕಂಬಿ ಮಾಡಿದರೆ ನಾನೊಬ್ಬನೇ ಹೋಗಿ ಬರಬಹುದು. ನಮ್ಮ ಬೀದಿಯ ತುದಿಯಲ್ಲಿ ಕಬ್ಬಿಣದ ಗೇಟು, ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಅಂಗಡಿ ಇದೆ. ಕೇಳಿದರೆ ಅಂಗಡಿಯವನು ಪೈಪು ಕೊಯ್ದು ಕೊಡುತ್ತಿದ್ದ. ಆದರೆ ಇವತ್ತು ಪೈಪಿಗೆ, ನಾಳೆ ಪಟ್ಟಿಗೆ, ನಾಡಿದ್ದು ಅರ್ಧ ಇಂಚು ಉದ್ದವಾಯಿತೆಂದು ಮತ್ತೊಬ್ಬರ ಬಾಗಿಲಲ್ಲಿ ಕೋಲೂರಿ ನಿಲ್ಲುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮನೆಯಲ್ಲಿದ್ದ, ಕಬ್ಬಿಣ ಉಜ್ಜುವ ಗ್ರೈಂಡರಿಗೆ ಕೊಯ್ಯುವ ಚಕ್ರ ಹಾಕಿ ಎಡಗೈಯಲ್ಲಿ ಹಿಡಿದು ನೋಡಿದೆ. ಚಕ್ರ ಪೈಪಿಗೆ ಸಿಕ್ಕಿ ಹಾರಿ, ಕಿಡಿ ನನ್ನ ತೋಳನ್ನು ಸುಟ್ಟಿತು. ಹೆಂಡತಿ ಓಡಿಬಂದು ವೈರು ಕಿತ್ತು, ಗ್ರೈಂಡರನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟಳು.

"ಇದೊಂದ ನಾ ಕೊಡಂಗಿಲ್ರಿ," ಅಂದಳು. "ಉಳದದ್ದ ಏನರ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಇದು ಬ್ಯಾಡ."

ಅವಳ ಮಾತಿಗೆ ಎದುರಾಡಲಿಲ್ಲ. ಉಳಿದದ್ದು ಏನಿದೆ ಎಂದು ಯೋಚಿಸುತ್ತ ಕೂತಾಗ ಕಾರ್ಖಾನೆಯ ಸ್ಟೋರಿನ ಮೂಲೆ ನೆನಪಾಯಿತು. ಅಲ್ಲಿ ಒಂದು ದೊಡ್ಡ ಬ್ಯಾಂಡ್‌ಸಾ ಇತ್ತು. ಉಂಗುರದಂತೆ ಕೂಡಿಸಿದ ಉದ್ದನೆಯ ಹಲ್ಲಿನ ಬ್ಲೇಡು ಎರಡು ಗಾಲಿಗಳ ಮೇಲೆ ಸುತ್ತುತ್ತ ಕೊಯ್ಯುವ ಗರಗಸ. ಅದನ್ನು ನಡೆಸುವವನು ಸರಳನ್ನು ವೈಸಿಗೆ ಬಿಗಿದು, ಗರಗಸದ ತೋಳನ್ನು ಅದರ ಮೇಲೆ ಇಳಿಸಿ, ಚಹಾ ಕುಡಿಯಲು ಹೋಗುತ್ತಿದ್ದ. ತೋಳು ತನ್ನ ಭಾರಕ್ಕೆ ತಾನೇ ಇಳಿಯುತ್ತ ಕೊಯ್ಯುತ್ತಿತ್ತು. ಕಿಡಿ ಇಲ್ಲ, ಕಿವಿ ಒಡೆಯುವ ಸದ್ದಿಲ್ಲ. ಅಂಥದ್ದೇ ಬೇಕು, ಆದರೆ ನನ್ನ ಕೋಣೆಗೆ ಹಿಡಿಸುವಷ್ಟು ಪುಟ್ಟದು.

ಅಂಥ ಪುಟ್ಟ ಮಷೀನುಗಳಿವೆ ಎಂದು ಫೋನಿನಲ್ಲಿ ಹುಡುಕಿದಾಗ ತಿಳಿಯಿತು. ಯಾವ್ಯಾವುದೋ ದೇಶದವರು ತಮ್ಮ ಮನೆಯ ಶೆಡ್ಡುಗಳಲ್ಲಿ ಅವನ್ನು ನಡೆಸುವ ವಿಡಿಯೋಗಳು. ನಾನು ಸದ್ದು ತೆಗೆದುಹಾಕಿ, ಅವರ ಬಲಗೈಯನ್ನು ಮಾತ್ರ ನೋಡುತ್ತಿದ್ದೆ. ಎಲ್ಲಿ ಬಲಗೈ ಬೇಕೇ ಬೇಕು, ಎಲ್ಲಿ ಸುಮ್ಮನೆ ಅಭ್ಯಾಸಬಲದಿಂದ ಬರುತ್ತದೆ? ನೋಡುತ್ತ ನೋಡುತ್ತ ಧೈರ್ಯ ಬಂತು. ಮುಕ್ಕಾಲು ಪಾಲು ಆ ಕೈ ಸುಮ್ಮನೆ ಮಷೀನಿನ ಮೇಲೆ ಕೂತಿರುತ್ತಿತ್ತು.

ಹೆಂಡತಿಗೆ ಮಾರ್ಕೆಟ್ ಯಾರ್ಡಿನಲ್ಲಿ ಕೆಲಸ. ಈರುಳ್ಳಿ ಆರಿಸಿ ಬೇರೆ ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳ ರಜೆಯ ದಿನ ಇಬ್ಬರೂ ಸ್ವಾರಗೇಟಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು, ಮಷೀನಿನ ಅಂಗಡಿಗಳಿರುವ ಭವಾನಿ ಪೇಠೆಗೆ ಹೋದೆವು. ಕೈಚೀಲದಲ್ಲಿ ನಾನೊಂದು ಪೈಪಿನ ತುಂಡು ಮತ್ತು ಕೊಯ್ತ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಇಟ್ಟುಕೊಂಡಿದ್ದೆ.

ಮೊದಲ ಅಂಗಡಿಯ ಸೇಲ್ಸ್‌ಮನ್ ನನ್ನ ಕೋಲನ್ನು ನೋಡಿದವನೇ ಹೆಂಡತಿಯ ಕಡೆ ತಿರುಗಿದ. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ನಾನು ಕೇಳಿದ ಪ್ರಶ್ನೆಗೂ ಅವಳಿಗೇ ಉತ್ತರ ಕೊಡುತ್ತಿದ್ದ. ಮೊದಲು ಕೈಯಲ್ಲಿ ಹಿಡಿಯುವ ಬ್ಯಾಂಡ್‌ಸಾ ತೋರಿಸಿದ. ಅದಕ್ಕೆ ಮುಂದೊಂದು, ಹಿಂದೊಂದು ಹಿಡಿ, ಎರಡಕ್ಕೂ ಕೈ ಬೇಕು. ಅದನ್ನೇ ಸ್ಟ್ಯಾಂಡಿಗೆ ನಿಲ್ಲಿಸಿದರೆ ಪೈಪನ್ನು ಎರಡೂ ಕೈಯಿಂದ ಬ್ಲೇಡಿನತ್ತ ತಳ್ಳಬೇಕು. ಅದಾದ ಮೇಲೆ ಮರ ಕೊಯ್ಯುವ ಬ್ಯಾಂಡ್‌ಸಾ ತೋರಿಸಿ, ಇದರಲ್ಲಿ ಎಲ್ಲವೂ ಆಗುತ್ತದೆ ಅಂದ. ಮರದ ಗರಗಸ ಓಡುವ ವೇಗಕ್ಕೆ ಉಕ್ಕು ಕೊಟ್ಟರೆ ಬ್ಲೇಡಿನ ಹಲ್ಲು ಸುಟ್ಟುಹೋಗುತ್ತದೆ. ಹಾಗೆಂದು ಹೇಳಿದೆ. ಅವನು ಹೆಂಡತಿಗೆ, "ಕಾಕೂ, ಕಾಕಾಂನಾ ಆತಾ ಆರಾಮ್ ಕರೂ ದ್ಯಾ ನಾ," ಅಂದ. ಕಾಕಾರಿಗೆ ಇನ್ನು ವಿಶ್ರಾಂತಿ ಕೊಡಿ ಎಂಬ ಅವನ ಸಲಹೆ ಕೇಳಿ ಅವಳು ಎದ್ದು ನಿಂತಳು.

"ನಡೀರಿ. ಇಂವಗ ಮಷೀನ ಮಾರೂದ ಬೇಕಾಗಿಲ್ಲ."

ಎರಡನೆಯ ಅಂಗಡಿಯ ಮಾಲೀಕರು ನನಗಿಂತ ಹಿರಿಯರು. ಅಲ್ಲಿ ನಾನು ಹುಡುಕುತ್ತಿದ್ದದ್ದು ಎರಡು ಇದ್ದವು. ಒಂದು ಹೊಸ ಬಣ್ಣದ್ದು, ಭಾರವಾದದ್ದು, ಬ್ಲೇಡಿಗೆ ತಂಪುನೀರು ಹಾಯಿಸುವ ಪಂಪು ಬೇರೆ. ನೋಡಿದರೆ ಕೈ ಆಡಿಸಬೇಕೆನ್ನಿಸುವಂಥದ್ದು. ಆದರೆ ಅದರ ಸ್ವಿಚ್ಚು ಬಲಗಡೆ, ಆಚೆ ಮೂಲೆಯಲ್ಲಿ. ವೈಸನ್ನು ಬಿಗಿಯಲು ಕೈಚಕ್ರವನ್ನು ತುದಿಯಿಂದ ತುದಿಯವರೆಗೆ ತಿರುಗಿಸುತ್ತಲೇ ಇರಬೇಕು. ಇನ್ನೊಂದು ತಗಡಿನ ಕಾಲಿನ ಮೇಲೆ ನಿಂತ ಬಡಕಲು ಮಷೀನು. ಎರಕದ ಅಂಚುಗಳನ್ನು ಉಜ್ಜಿ ನಯ ಮಾಡುವ ಗೋಜಿಗೂ ಯಾರೂ ಹೋಗಿರಲಿಲ್ಲ. ಆದರೆ ಅದರ ಸ್ವಿಚ್ಚು ನಾನು ನಿಂತಲ್ಲಿಂದ ಎಡಗೈಗೆ ಸಿಗುತ್ತಿತ್ತು. ವೈಸಿನ ದವಡೆಯನ್ನು ಜಾರಿಸಿ ಪೈಪಿಗೆ ತಾಗಿಸಿ, ಕೊನೆಯಲ್ಲಿ ಒಂದಿಷ್ಟು ತಿರುಗಿಸಿದರೆ ಬಿಗಿಯಾಗುತ್ತಿತ್ತು.

ನನ್ನ ಪೈಪು ಹೊರತೆಗೆದು, ಇದನ್ನು ಇದರಲ್ಲಿ ಕೊಯ್ದು ನೋಡಬೇಕು ಅಂದೆ. ಮಾಲೀಕರು ಕೆಲಸದವನನ್ನು ಕೂಗಿದರು.

"ಅವನು ಬೇಡ, ನಾನೇ ಕೊಯ್ಯುತ್ತೇನೆ," ಎಂದೆ ಮರಾಠಿಯಲ್ಲಿ.

ಅವರು ಕನ್ನಡಕದ ಮೇಲಿಂದ ನೋಡಿದರು. ನಿಮಗೇನಾದರೂ ಆದರೆ ಜವಾಬ್ದಾರಿ ಯಾರದು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ತನ್ನ ಮಾರ್ಕೆಟ್ ಯಾರ್ಡಿನ ಮರಾಠಿಯಲ್ಲಿ, ನಾಲ್ಕು ಅಂಗಡಿಗೆ ಕೇಳುವಷ್ಟು ಜೋರಾಗಿ, "ಜವಾಬ್ದಾರಿ ನನ್ನದು. ಇದನ್ನು ನಡೆಸುವವರು ಇವರು. ನಿಮ್ಮ ಕೆಲಸದವನು ದಿನಾ ನಮ್ಮ ಮನೆಗೆ ಬರುತ್ತಾನೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, "ನನಗ ಭಾಳ ಅಂಜಿಕಿ ಆಗೇದ್ರಿ. ಸಾವಕಾಶ ಮಾಡ್ರಿ," ಅಂದಳು.

ಕೋಲನ್ನು ಅವಳ ಕೈಗೆ ಕೊಟ್ಟೆ. ಪೈಪನ್ನು ವೈಸಿನಲ್ಲಿಟ್ಟು ಅದು ಹೊರಳದಂತೆ ಬಲಮುಂಗೈಯನ್ನು ಅದರ ಮೇಲೆ ಭಾರ ಹಾಕಿ ಊರಿದೆ. ಬೆರಳು ಸತ್ತರೂ ಮುಂಗೈಗೆ ತೂಕ ಇದೆ, ಅದಕ್ಕಷ್ಟೇ ಅದನ್ನು ಬಳಸಿಕೊಂಡೆ. ಎಡಗೈಯಿಂದ ವೈಸು ಬಿಗಿದೆ. ಮುಂಗೈ ತೆಗೆದು ದೂರ ಇಟ್ಟೆ. ಗರಗಸದ ತೋಳನ್ನು ಪೈಪಿಗೆ ತಾಗುವಷ್ಟು ಹತ್ತಿರ ತಂದು, ಸ್ವಿಚ್ಚು ಒತ್ತಿ, ಮೆಲ್ಲಗೆ ಇಳಿಬಿಟ್ಟೆ.

ಬ್ಲೇಡು ಸಣ್ಣಗೆ ಗೊಣಗುತ್ತ ಒಳಗೆ ಇಳಿಯಿತು. ಕೆಳಗೆ ಸೂಜಿಯ ಮೊನೆಯಂಥ ಕಬ್ಬಿಣದ ಚೂರು ಉದುರುತ್ತಿತ್ತು. ನನ್ನ ಎರಡೂ ಕೈ ಖಾಲಿ ಇದ್ದವು. ಲಕ್ವ ಹೊಡೆದಂದಿನಿಂದ ಖಾಲಿ ಕೈ ಎಂದರೆ ನನಗೆ ನಾಚಿಕೆಯಾಗುತ್ತಿತ್ತು. ಆ ಹೊತ್ತು ಆಗಲಿಲ್ಲ. ತುಂಡು ಕಳಚಿ ಟಣ್ಣೆಂದು ಬಿತ್ತು, ತೋಳು ಕೊನೆಗೆ ಮುಟ್ಟಿ ಸ್ವಿಚ್ಚನ್ನು ತಾನೇ ಆರಿಸಿಕೊಂಡಿತು.

ಮೂಲೆಮಟ್ಟ ಹಿಡಿದು ನೋಡಿದೆ. ಒಂದು ಬದಿಯಲ್ಲಿ ಸಣ್ಣಗೆ ಬೆಳಕು ಕಾಣಿಸಿತು, ಕೊಯ್ತ ತುಸು ಓರೆಯಾಗಿತ್ತು. ಹೇಳಿದೆ. ಮಾಲೀಕರು ತಾವೇ ಸ್ಪ್ಯಾನರ್ ತಂದು ಬ್ಲೇಡನ್ನು ಹಿಡಿದಿಡುವ ಬೇರಿಂಗುಗಳನ್ನು ಸರಿಪಡಿಸಿದರು. ಎರಡನೆಯ ತುಂಡು ನೇರವಾಗಿ ಬಂತು. ತೆಳು ಪೈಪಿಗೆ ಸಣ್ಣ ಹಲ್ಲಿನ ಬ್ಲೇಡುಗಳನ್ನು ಆರಿಸಿ ಕೊಟ್ಟರು. ತೋಳಿನ ಹಿಂದೆ ಒಂದು ಸ್ಪ್ರಿಂಗ್ ಇದೆ, ಅದನ್ನು ಸಡಿಲ ಬಿಟ್ಟರೆ ಪೂರಾ ಭಾರ ಬ್ಲೇಡಿನ ಮೇಲೆ ಬೀಳುತ್ತದೆ, ಹಾಗೆ ಮಾಡಬೇಡಿ ಎಂದೂ ಹೇಳಿದರು. ಆ ಬಡಕಲು ಮಷೀನನ್ನೇ ತೆಗೆದುಕೊಂಡೆವು.

ಟೆಂಪೋ ಮನೆ ಮುಂದೆ ನಿಂತಾಗ ಅಣ್ಣ ಕೆಳಗಿಳಿದು ಬಂದ. ಹಮಾಲರು ಇಳಿಸಿ ಹೋಗುವವರೆಗೆ ಮೆಟ್ಟಿಲ ಬಳಿ ನಿಂತಿದ್ದ.

"ಯಾರನ್ನ ಕೇಳಿ ತಂದಿ?"

"ಯಾರನ್ನೂ ಕೇಳಲಿಲ್ಲ."

"ಕೈ ಇಲ್ಲದಾಂವಗ ಗರಗಸ ಯಾಕ ಬೇಕಿತ್ತು?"

"ಕೈ ಅದ ಅಣ್ಣಾ. ಒಂದ ಅದ."

ಅವನ ದನಿ ಒಮ್ಮೆಗೇ ಇಳಿಯಿತು. "ಅವತ್ತ ನಿನ್ನ ರಿಕ್ಷಾದಾಗ ಹಾಕ್ಕೊಂಡ ಹೋಗುಮುಂದ ನಿನ್ನ ಬಾಯಿ ಸೊಟ್ಟ ಆಗಿತ್ತು. ನನ್ನ ಹೆಸರ ಹೇಳಾಕ ಹೊಂಟಿದ್ದಿ, ಬರಲಿಲ್ಲ. ಮತ್ತೊಮ್ಮೆ ಅದನ್ನ ನೋಡೋ ತಾಕತ್ತ ನನಗಿಲ್ಲೋ."

ಇದನ್ನು ಅವನು ಅದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಅಲ್ಲೇ ಅವನ ಕಾಲಿಗೆ ಬಿದ್ದು, ಆಯಿತು, ವಾಪಸು ಕಳಿಸುತ್ತೇನೆ ಅಂದಿದ್ದರೆ ಅವನಿಗೆ ಸಮಾಧಾನ ಆಗುತ್ತಿತ್ತು. ಅನ್ನಲಿಲ್ಲ.

"ನಿನಗ ಅಂಜಿಕಿ ಅದ, ನನಗೂ ಅದ," ಅಂದೆ. "ಆದರ ಅಂಜಿ ಹಾಸಿಗಿ ಮ್ಯಾಲ ಮಲಗೂದು ನನ್ನಿಂದ ಆಗಂಗಿಲ್ಲ. ಮಷೀನ ಇಲ್ಲೇ ಇರ್ತದ."

ಅವನು ಮೇಲೆ ಹೋದ. ಹಲವು ದಿನ ನನ್ನ ಜೊತೆ ಮಾತಾಡಲಿಲ್ಲ.

ಬಚ್ಚಲಿನ ಕೈಕಂಬಿಯ ಪೈಪುಗಳನ್ನೆಲ್ಲ ನಾನೇ ಕೊಯ್ದೆ. ಬೆಸುಗೆಗೆ ಬೀದಿತುದಿಯ ಫ್ಯಾಬ್ರಿಕೇಟರ್ ಬಂದ. ತುಂಡುಗಳನ್ನು ಜೋಡಿಸಿ ನೋಡಿ, ಉಜ್ಜುವ ಕೆಲಸವೇ ಇಲ್ಲವಲ್ಲ ಎಂದು ಬೆಸುಗೆ ಹಾಕಿ ಹೋದ. ಮೊದಲ ಬೆಳಿಗ್ಗೆ ಬಚ್ಚಲಿಗೆ ಒಬ್ಬನೇ ಹೋದಾಗ ಹೆಂಡತಿ ಬಾಗಿಲ ಹೊರಗೆ ನಿಂತಿದ್ದು ಗೊತ್ತಾಗುತ್ತಿತ್ತು. ಎರಡನೆಯ ವಾರ ಅಲ್ಲಿ ನಿಲ್ಲುವುದನ್ನು ಬಿಟ್ಟು ಬೆಳಗಿನ ಪಾಳಿಗೆ ಹೋಗತೊಡಗಿದಳು.

ಮಳೆಗಾಲದಲ್ಲಿ ಒಂದು ದಿನ ದಪ್ಪ ಆ್ಯಂಗಲ್ ಕೊಯ್ಯುತ್ತಿದ್ದೆ. ನಿಧಾನವಾಯಿತೆನ್ನಿಸಿ ಸ್ಪ್ರಿಂಗನ್ನು ಸಡಿಲ ಬಿಟ್ಟೆ. ಬ್ಲೇಡು ಪಟಾರೆಂದು ತುಂಡಾಯಿತು. ಸದ್ದಿಗೆ ಮೇಲಿನ ಕಿಟಕಿ ತೆರೆಯಿತು.

"ತಮ್ಮಾ! ಏನಾತೋ?"

"ಬ್ಲೇಡ ಹೋತು. ನಾ ಇದ್ದೀನಿ."

"ನಾ ಹೇಳಿರಲಿಲ್ಲ?" ಎಂದು ಬೈದ. ಬೈಗುಳವಾದರೂ ಮಾತು ಮಾತೇ. ಆದರೆ ಕೆಳಗಿಳಿದು ಬರಲಿಲ್ಲ. ಇವತ್ತಿಗೂ ಅವನು ಆ ಕೋಣೆಗೆ ಕಾಲಿಡುವುದಿಲ್ಲ, ನಾನು ಕರೆಯುವುದೂ ಇಲ್ಲ.

ಹೊಸ ಬ್ಲೇಡು ಹಾಕುವುದು ಎರಡು ಕೈಯವರಿಗೂ ತಂಟೆಯ ಕೆಲಸ. ಒಂದು ಗಾಲಿಗೆ ಕೂರಿಸಿದರೆ ಇನ್ನೊಂದರಿಂದ ಜಾರುತ್ತದೆ. ಬಟ್ಟೆ ಒಣಹಾಕುವ ಚಿಮಟಿಗಳನ್ನು ತಂದು ಬ್ಲೇಡನ್ನು ಮೇಲಿನ ಗಾಲಿಯ ಅಂಚಿಗೆ ಕಚ್ಚಿಸಿದೆ. ಕೆಳಗಿನದನ್ನು ಬಲಮೊಣಕೈಯಿಂದ ಒತ್ತಿ ಹಿಡಿದು, ಎಡಗೈಯಿಂದ ಬಿಗಿ ಮಾಡಿದೆ. ಜಾರಿತು. ಮತ್ತೆ ಕೂರಿಸಿದೆ, ಮತ್ತೆ ಜಾರಿತು. ಬೈದುಕೊಂಡೆ, ಬೆವರಿದೆ, ಬೆರಳ ತುದಿಗೆ ಹಲ್ಲು ತಾಗಿ ರಕ್ತ ಬಂತು, ಬಾಯಲ್ಲಿಟ್ಟುಕೊಂಡು ಚೀಪಿದೆ. ಫ್ಯಾಬ್ರಿಕೇಟರನ ಅಂಗಡಿ ಕೂಗಳತೆಯಲ್ಲೇ ಇತ್ತು, ಕೂಗಲಿಲ್ಲ. ಹೆಂಡತಿ ಕೆಲಸದಿಂದ ಬಂದು ಚಹಾ ಇಡುವ ಹೊತ್ತಿಗೆ ಬ್ಲೇಡು ಎರಡೂ ಗಾಲಿಗಳ ಮೇಲೆ ನೆಟ್ಟಗೆ ಕೂತು ಓಡುತ್ತಿತ್ತು.

ಅವತ್ತಿನ ಹೊತ್ತು ಹೇಗೂ ಮುಗಿದಿತ್ತು, ಯಾರಿಗೂ ಏನೂ ಕೊಯ್ದು ಕೊಡಬೇಕಾಗಿರಲಿಲ್ಲ. ಆದರೂ ಗೋಡೆಗೆ ಒರಗಿದ್ದ ಆ್ಯಂಗಲ್ಲೊಂದನ್ನು ಎಳೆದು ವೈಸಿಗೆ ಬಿಗಿದೆ. "ಚಹಾ ಆರ್ತದ ನೋಡ್ರಿ," ಎಂದು ಅವಳು ಒಳಗಿನಿಂದ ಕೂಗಿದಳು. "ಆರ್ಲಿ," ಎಂದು ಸ್ವಿಚ್ಚು ಒತ್ತಿದೆ.