ಚಿತ್ರದ ಬೆನ್ನಿಗೆ ಬೆಳ್ಳಿ ರೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫೋಟೊ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ ಕಿಟಕಿ, ಬಾಗಿಲು, ಫ್ಯಾನು ಎಲ್ಲವೂ ಬಂದ್. ಮೇಜಿನ ಮೇಲೆ ತೆಳು ಹಾಳೆಯ ಕಂದು ಚಿತ್ರವೊಂದು ಬೋರಲಾಗಿ ಮಲಗಿದೆ. ಅದರ ಬೆನ್ನಿಗೆ ಅಂಟು ಸವರಿ, ಕುಂಚದ ತುದಿಯಲ್ಲಿ ಬೆಳ್ಳಿ ರೇಕನ್ನು, ಕಾಗದಕ್ಕಿಂತ ತೆಳುವಾದ ಬೆಳ್ಳಿಯ ಪದರವನ್ನು, ಎತ್ತುವಾಗ ಆಕೆ ಉಸಿರು ಬಿಗಿಹಿಡಿಯುತ್ತಾರೆ. ಸಣ್ಣ ಗಾಳಿ ಸೋಕಿದರೂ ರೇಕು ಮುದುಡಿಬಿಡುತ್ತದೆ. ಅದಕ್ಕೇ ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಉಸಿರಕ್ಕ ಎಂದು.

"ನಿಟ್ಟುಸಿರು ಬಿಡೋದಿದ್ರೆ ಹೊರಗೆ ಹೋಗಿ ಬಿಟ್ಟು ಬರ್ತೀನಿ," ಎನ್ನುತ್ತಾರೆ, ಕತ್ತು ನೀವಿಕೊಳ್ಳುತ್ತ.

ಈ ಸ್ಟುಡಿಯೋದಲ್ಲಿ ಚಿತ್ರಗಳು ಯಂತ್ರದಿಂದ ಬರುವುದಿಲ್ಲ. ಹಾಳೆಗೆ ರಾಸಾಯನಿಕ ಬಳಿದು, ನೆಗೆಟಿವ್ ಇಟ್ಟು, ಬಿಸಿಲಿಗೆ ಹಿಡಿದು, ತೊಳೆದು ಒಣಗಿಸುವುದೆಲ್ಲ ಉಸಿರಕ್ಕನ ಕೆಲಸ. ಬೆನ್ನಿಗೆ ರೇಕು ಅಂಟಿಸಿದರೆ ಚಿತ್ರದ ತಿಳಿ ಭಾಗಗಳು ಒಳಗಿನಿಂದ ಹೊಳೆಯುತ್ತವೆ. ದಿನಕ್ಕೆ ಎರಡು ಮುಗಿದರೆ ಪುಣ್ಯ. ಮೂಲೆಯ ಸಹಿ ಮಾಲೀಕರದು. ರೇಕಿನ ಕೈಚಳಕ ಮಾತ್ರ ಮಾವನಿಂದ ಬಂದದ್ದು. ಅವರು ಚಿತ್ರದ ಚೌಕಟ್ಟುಗಳಿಗೆ ಚಿನ್ನದ ರೇಕು ಹಚ್ಚುತ್ತಿದ್ದರು.

ಆ ಕೈಚಳಕವೇ ಒಮ್ಮೆ ಕೈಕೊಟ್ಟಿತು. ಅಂಗಡಿ ಅಂಟಿನ ಘಾಟಿಗೆ ಕೆಮ್ಮು. ಕೆಮ್ಮಿದರೆ ರೇಕು ದಂಡ. ಹಾಗಾಗಿ ಮಾವನಂತೆ ಮೊಟ್ಟೆಯ ಬಿಳಿಯಲ್ಲಿ ಅಂಟಿಸಿದರು. ಚಿನ್ನಕ್ಕೆ ಅದು ಏನೂ ಮಾಡದು, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಗ್ರಾಹಕಿಯೊಬ್ಬರ ತೀರಿಕೊಂಡ ತಾಯಿಯ ಚಿತ್ರ ಕೆಲವೇ ವಾರಗಳಲ್ಲಿ ವಾಪಸ್ ಬಂತು. ಕೆನ್ನೆಯ ಮೇಲೆ ಯಾರೋ ಹೊಡೆದಂಥ ಕಪ್ಪು ಕಲೆ.

"ಚಿನ್ನ ದೊಡ್ಡ ಸೊಸೆ, ಬೆಳ್ಳಿ ಚಿಕ್ಕ ಸೊಸೆ. ದೊಡ್ಡವಳಿಗೆ ಒಗ್ಗಿದ ಮನೆ ಚಿಕ್ಕವಳಿಗೂ ಒಗ್ಗಬೇಕು ಅಂತಿದೆಯಾ? ನಂಗೆ ಹೊಳೀಲೇ ಇಲ್ಲ," ಎನ್ನುವಾಗ ಅವರು ಚಿತ್ರದಿಂದ ಕಣ್ಣೆತ್ತುವುದಿಲ್ಲ.

ಮಾಲೀಕರು ಗದರಲಿಲ್ಲ. "ಇನ್ನೊಂದು ಸಲ ಮಾಡಿಕೊಡಿ ಅಕ್ಕ. ಅದೂ ಕಪ್ಪಾದ್ರೆ ರೇಕಿನ ಕೆಲಸ ನಿಲ್ಲಿಸಿಬಿಡೋಣ," ಎಂದರಷ್ಟೇ. ಗದರಿದ್ದರೆ ಚೆನ್ನಾಗಿತ್ತು ಎಂದು ಉಸಿರಕ್ಕನಿಗೆ ಈಗಲೂ ಅನಿಸುತ್ತದೆ.

ಆಮೇಲೆ ಘಾಟಿಲ್ಲದ ಜೆಲಟಿನ್ ಪುಡಿಯನ್ನು ನೀರಲ್ಲಿ ತೆಳ್ಳಗೆ ಕರಗಿಸಿ ಅಂಟು ಮಾಡಿ, ತುಂಡು ಹಾಳೆಗೆ ರೇಕು ಹಚ್ಚಿ, ಮನೆಯ ಬಚ್ಚಲಲ್ಲಿ ಮೋರಿಯ ಪಕ್ಕ ತೂಗುಹಾಕಿದರು. ಬೆಳ್ಳಿಯನ್ನು ಕಪ್ಪಾಗಿಸುವ ಹಗೆ ಮೋರಿಯ ಗಾಳಿಗಿಂತ ಬೇರೆ ಇಲ್ಲ.

"ಅತ್ತಿಗೆ, ಜನ ಬೆಳ್ಳೀನ ಬೀರೂಲಿ ಇಡ್ತಾರೆ. ನೀವು ಬಚ್ಚಲಲ್ಲಿ ನೇತು ಹಾಕ್ತೀರಲ್ಲ!" ಎಂದು ನಾದಿನಿ ನಕ್ಕಳು.

"ಈ ಮೋರಿ ತಡ್ಕೊಂಡ್ರೆ ಯಾರ ಮನೆ ಗೋಡೇನಾದ್ರೂ ತಡ್ಕೊಳ್ಳುತ್ತೆ ಕಣೇ."

ಒಂದು ಬೇಸಿಗೆ ಕಳೆದರೂ ತುಂಡು ಬೆಳ್ಳಗೇ ಉಳಿಯಿತು. ಇಂದು ಮೇಜಿನ ಮೇಲಿರುವುದು ಅದೇ ತಾಯಿಯ ಹೊಸ ಚಿತ್ರ. ಕೊನೆಯ ರೇಕು ಕೂತ ಮೇಲೆ ಉಸಿರಕ್ಕ ಹೊರಗೆ ಹೋಗಿ ನಿಟ್ಟುಸಿರು ಬಿಟ್ಟು ಬರುತ್ತಾರೆ.

ಸಂಜೆ ಆ ತಾಯಿಯ ಮಗಳು, ಅದೇ ಗ್ರಾಹಕಿ, ಬರುತ್ತಾರೆ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ತುಂಬ ಹೊತ್ತು ನೋಡುತ್ತಾರೆ. "ಅಮ್ಮ ಈಗಷ್ಟೇ ಮುಖ ತೊಳ್ಕೊಂಡು ಬಂದ ಹಾಗಿದೆ," ಎನ್ನುತ್ತಾರೆ, ಮಾಲೀಕರಿಗೆ. ಮಾಲೀಕರು ಒಳಗಿಣುಕಿ, "ನಾಳೇದಕ್ಕೂ ಇದೇ ಅಂಟು ಇರಲಿ ಅಕ್ಕ," ಎನ್ನುತ್ತಾರೆ.

ಉಸಿರಕ್ಕ ತಲೆಯಾಡಿಸಿ ಕುಂಚ ತೊಳೆಯುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಬೆರಳಿಗಂಟಿದ ಬೆಳ್ಳಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಆ ಅಮ್ಮ ಇನ್ನು ಈ ಬಾಗಿಲಿಗೆ ವಾಪಸ್ ಬರಬಾರದು, ಅಷ್ಟೇ. ಮಗಳ ಮನೇಲೇ ಇರ್ಲಿ."