ದೀಪ ಊದಿದವಳಿಗೆ ಹೊಲಿಗೆ ಕಲಿಸಿದವಳು

ಒಂದಾನೊಂದು ಊರು. ಆ ಊರಿನಲ್ಲಿ ಸೂರ್ಯನಿಗಿಂತ ಮೊದಲು ಏಳುವ ಇಬ್ಬರು ಹೆಂಗಸರು. ಒಬ್ಬಳ ಸೊಂಟದಲ್ಲಿ ಬೀಗದಕೈ ಗೊಂಚಲು, ಇನ್ನೊಬ್ಬಳ ಕೊರಳಲ್ಲಿ ಅಳತೆ ಟೇಪು. ಒಬ್ಬಳ ದೇವರ ಹೆಸರು ಇನ್ನೊಬ್ಬಳ ನಾಲಿಗೆಯಲ್ಲಿ ಹೊರಳದು. ಅಜ್ಜಿ ಹೇಳುವ ಕತೆಯಾಗಿದ್ದರೆ ಮಾತಾಡುವ ಗಿಳಿಯೊಂದು ಬಂದು ಇಬ್ಬರನ್ನೂ ಗೆಳತಿಯರನ್ನಾಗಿ ಮಾಡುತ್ತಿತ್ತು. ಇಲ್ಲಿ ಆ ಕೆಲಸವನ್ನು ಒಂದು ಸೂಜಿ ಮಾಡುತ್ತದೆ.

ಟೇಪಿನವರು ಹೊಲಿಗೆ ಟೀಚರ್. ತರಬೇತಿ ಶಾಲೆಯ ಉದ್ದನೆಯ ಕೋಣೆಗೆ ಅವರು ಬರುವಾಗ ಬೀದಿ ದೀಪಗಳಿನ್ನೂ ಉರಿಯುತ್ತಿರುತ್ತವೆ. ಮಿಷನ್ನುಗಳ ಹೊದಿಕೆ ತೆಗೆದು, ಒಂದೊಂದಕ್ಕೂ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ ಸದ್ದಿಗೆ ಕಿವಿಗೊಡುತ್ತಾರೆ. ಕಿಟಕಿ ಪಕ್ಕದ್ದು ಕೊಂಚ ಗೊಣಗುತ್ತದೆ. “ಇವಳಿಗೆ ಬೆಳಗಾದ್ರೆ ಸಿಡುಕು, ಥೇಟ್ ನಮ್ಮ ನಾದಿನಿ,” ಎಂದು ನಗುತ್ತಾರೆ. ಮಿಷನ್ನುಗಳದ್ದಾದ ಮೇಲೆ ಮೂಲೆಯ ಕಪಾಟಿನ ಮೇಲಿನ ಪುಟ್ಟ ದೀಪಕ್ಕೆ ಎಣ್ಣೆ.

ತಮ್ಮೂರಲ್ಲಿ ಟೀಚರ್ ದುಡಿಯುತ್ತಿದ್ದ ಸಿದ್ಧ ಉಡುಪಿನ ಕಾರ್ಖಾನೆಗೆ ಬಾಗಿಲು ಬಿದ್ದಾಗ ಗಂಡನ ಸೈಕಲ್ ರಿಪೇರಿ ಅಂಗಡಿಯೊಂದೇ ಆಸರೆಯಾಯಿತು. ಕಡಲಾಚೆ ಹೊಲಿಗೆ ಕಲಿಸುವ ಕೆಲಸವಿದೆ ಎಂದು ತಿಳಿದಾಗ ‘ಹೋಗಮ್ಮ’ ಎಂದವಳು ಮಗಳು. ಮೂರು ವರ್ಷದ ಒಪ್ಪಂದ. ದಿನಕ್ಕೆ ಎರಡು ತರಗತಿ, ನಲವತ್ತು ಹೆಂಗಸರು. ಟೀಚರ್ ಹೊಲಿಯುವುದಕ್ಕಿಂತ ಮೊದಲು ಹೊಲಿಗೆ ಬಿಚ್ಚುವುದನ್ನು ಕಲಿಸುತ್ತಾರೆ. “ಬಟ್ಟೆ ಹರಿಯದ ಹಾಗೆ ಬಿಚ್ಚೋಕೆ ಬಂತೋ, ಭಯ ಹೋಯ್ತು ಅಂತ ಲೆಕ್ಕ. ಆಮೇಲೆ ಕೈ ತಾನೇ ಓಡುತ್ತೆ.”

ಬಂದ ಹೊಸದರಲ್ಲಿ ಅವರ ಕೈ ಓಡಿದರೂ ಮನಸ್ಸು ಓಡಲಿಲ್ಲ. ದೀಪ ಹಚ್ಚಿಟ್ಟು ನೀರು ತರಲು ಹೋದರೆ, ಬರುವಷ್ಟರಲ್ಲಿ ಆರಿರುತ್ತಿತ್ತು. ಕಿಟಕಿ ಮುಚ್ಚಿದೆ, ಎಣ್ಣೆ ತುಂಬಿದೆ, ಆದರೂ ದಿನವೂ ಅದೇ ಪಾಡು. “ಇಷ್ಟು ದೂರ ಬಂದಿದ್ದು ದೇವ್ರಿಗೆ ಸರಿಬರ್ಲಿಲ್ಲ ಅಂದ್ಕೊಂಡೆ. ಗಂಟುಮೂಟೆ ಕಟ್ಟಿಬಿಡ್ಲಾ ಅನ್ನಿಸ್ತಿತ್ತು.”

ಒಂದು ದಿನ ಮರೆತ ಬಿಂದಿಗೆಗಾಗಿ ಅರ್ಧ ದಾರಿಯಿಂದ ಹಿಂದಿರುಗಿದರು. ನೋಡಿದರೆ ಶಾಲೆಯ ಬಾಗಿಲು ತೆರೆದು ಕಸ ಗುಡಿಸುವ ಬೀಗದಕ್ಕ ಕೆನ್ನೆಯುಬ್ಬಿಸಿ, ಫೂ ಎಂದು ದೀಪ ಊದುತ್ತಿದ್ದಾಳೆ!

ಬೀಗದಕ್ಕನ ಲೆಕ್ಕವೇ ಬೇರೆ. ಸುತ್ತಲೂ ಬಟ್ಟೆ, ನೂಲಿನ ಕಸ, ನಡುವೆ ಬೆಂಕಿ. “ಪಾಪ, ಹೊಸ ಟೀಚರ್ ಮರೆಗುಳಿ. ಯಾರಾದ್ರೂ ನೋಡಿದ್ರೆ ಬೈತಾರೆ ಅಂತ ದಿನಾ ನಾನೇ ಆರಿಸ್ತಿದ್ದೆ,” ಎಂದು ಆಕೆ ಅಲ್ಲಿನ ಮಾತಿನಲ್ಲಿ ಹೇಳಿದ್ದನ್ನು ಟೀಚರ್ ಈಗಲೂ ಅಭಿನಯಿಸಿ ತೋರಿಸುತ್ತಾರೆ. ಅದು ಪ್ರಾರ್ಥನೆ ಎಂದು ಟೀಚರ್ ಕೈ ಮುಗಿದು ತಿಳಿಸಿದರು. ಮರುದಿನ ಬೀಗದಕ್ಕ ದೀಪ ಗಾಳಿಗೆ ಆರದಿರಲೆಂದು ಗಾಜಿನ ಬುರುಡೆ ತಂದಳು. ಟೀಚರ್ ನೀರಿಗೆ ಹೋದಾಗ ಪೊರಕೆ ಹಿಡಿದು ಅದರ ಕಾವಲಿಗೂ ನಿಂತಳು.

ಎದುರು ಮೂಲೆಯಲ್ಲಿ ಬೀಗದಕ್ಕ ಬಟ್ಟೆ ಹಾಸಿ ಮಂಡಿಯೂರುವಾಗ ಟೀಚರ್ ಮಿಷನ್ ನಿಲ್ಲಿಸುತ್ತಾರೆ. ದೇವರ ವಿಷಯಕ್ಕೆ ಜಗಳವಿಲ್ಲವೇ ಎಂದು ಟೀಚರನ್ನು ಕೇಳಿ ನೋಡಿ. “ಇಲ್ದೆ ಏನು! ‘ನಿನ್ನ ದೇವ್ರಿಗೆ ಇಷ್ಟು ಎಣ್ಣೆ ಯಾಕೆ?’ ಅಂತಾಳೆ. ‘ನಿನ್ನ ದೇವ್ರಿಗೆ ಮಂಡಿ ನೋವು ಕಾಣ್ಸಲ್ವಾ?’ ಅಂತೀನಿ. ಆಮೇಲೆ ಇಬ್ರೂ ಚಹಾ ಕುಡೀತೀವಿ.” ಊರಲ್ಲಿ ಟೀಚರ ಮಗಳು ಜ್ವರದಿಂದ ಮಲಗಿದಾಗ ಬೀಗದಕ್ಕ ಎಂದಿಗಿಂತ ಹೆಚ್ಚು ಹೊತ್ತು ಮಂಡಿಯೂರಿದ್ದಳು. “ಅವಳ ಪ್ರಾರ್ಥನೇಲಿ ನನ್ನ ಮಗಳ ಹೆಸ್ರು ಕೇಳಿಸ್ತು. ಅವರ ಪ್ರಾರ್ಥನೆ ಭಾಷೆನೇ ಬೇರೆ, ಇನ್ನೊಂದು ಮಾತೂ ಅರ್ಥ ಆಗ್ಲಿಲ್ಲ. ಅದೊಂದೇ ಸಾಕಾಯ್ತು ನನಗೆ.”

ಮಂಡಿಯೂರಲು ಹಾಸುವ ಆ ಬಟ್ಟೆ ಬೀಗದಕ್ಕನ ಅಮ್ಮ ತನಗೆಂದು ಹೊಲಿದುಕೊಂಡಿದ್ದು. ಮಂಡಿಯೂರುವ ಕಡೆ ಎರಡು ತೂತು. ಹೊಸದು ಹೊಲಿದುಕೊಡುತ್ತೇನೆ ಎಂದರೆ ಆಕೆ ಒಪ್ಪಲಿಲ್ಲ. ಹೊಸದಾದರೆ ಅವರ ಮನೆಯಲ್ಲಿ ಮಂಡಿಯೂರುವವರೇ ಹೊಲಿಯಬೇಕು. ಆಕೆಗೋ ಅಮ್ಮ ಬದುಕಿದ್ದಾಗ ಸೂಜಿ ಮುಟ್ಟಲೂ ಬೇಜಾರು, ಕಲಿಯಲೇ ಇಲ್ಲ. “ಹಾಗಾದ್ರೆ ನಾನು ಊರಿಗೆ ಹೋಗೋದ್ರೊಳಗೆ ನಿನ್ನ ಕೈಯಲ್ಲೇ ಹೊಲಿಸ್ತೀನಿ,” ಎಂದು ಟೀಚರ್ ಮಾತು ಕೊಟ್ಟರು. ಬೀಗ ತಿರುಗಿಸಿ ಒರಟಾದ ಬೆರಳು ಸೂಜಿಗೆ ಬಗ್ಗದು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ‘ಅಮ್ಮಾ, ನಿನ್ನ ಮುದಿ ಶಿಷ್ಯೆ ಪಾಸಾದ್ಲಾ?’ ಎಂದು ಮಗಳು ಫೋನಿನಲ್ಲಿ ಕಾಡುತ್ತಾಳೆ.

ಒಪ್ಪಂದ ಮುಗಿದು ಟೀಚರ್ ಹೊರಡುವ ಈ ಮುಂಜಾನೆ ಹೊಸ ಬಟ್ಟೆಯ ಮೂರು ಅಂಚು ಮುಗಿದಿದೆ. ನಾಲ್ಕನೆಯದು ಅರ್ಧ. ಹೊರಗೆ ಕಾರು ನಿಂತಿದೆ.

“ಕೊಡು ಇಲ್ಲಿ, ಮಿಷನ್ ಮೇಲೆ ಎರಡೇ ನಿಮಿಷ,” ಎಂದು ಟೀಚರ್ ಕೈ ಚಾಚುತ್ತಾರೆ.

“ನಿನ್ನ ಪ್ರಾರ್ಥನೆ ನಾನು ಮಾಡಿಕೊಡ್ಲಾ?” ಬೀಗದಕ್ಕ ತಲೆಯೆತ್ತದೆ ಕೇಳುತ್ತಾಳೆ.

ಟೀಚರ್ ಚಾಚಿದ ಕೈ ಹಿಂದಕ್ಕೆ ಬರುತ್ತದೆ. ಚಾಲಕ ಹಾರ್ನ್ ಹೊಡೆಯುತ್ತಾನೆ. “ಇರಪ್ಪಾ!” ಎಂದು ಕನ್ನಡದಲ್ಲೇ ಗದರಿ, ಕಪಾಟಿನಿಂದ ದೀಪ ಇಳಿಸಿ, ಗಾಜಿನ ಬುರುಡೆ ತೆಗೆದು, ಬೀಗದಕ್ಕನ ಬೆರಳಿನ ಹತ್ತಿರ ಹಿಡಿದು ಕೂರುತ್ತಾರೆ. ಸೂಜಿ ಒಳಗೆ, ಸೂಜಿ ಹೊರಗೆ. ಕೊನೆಯ ಮೂಲೆಯಲ್ಲಿ ಹೊಲಿಗೆ ತುಸು ಓರೆಯಾಗುತ್ತದೆ. ಬೀಗದಕ್ಕ ಅಭ್ಯಾಸಬಲದಿಂದ ಹೊಲಿಗೆ ಬಿಚ್ಚುವ ಕೊಕ್ಕೆಗೆ ತಡಕಾಡುತ್ತಾಳೆ. ಅದನ್ನು ಟೀಚರ್ ಆಗಲೇ ತಮ್ಮ ಚೀಲಕ್ಕೆ ಹಾಕಿಕೊಂಡಿದ್ದಾರೆ.

“ನನ್ನ ಶಿಷ್ಯೆ ಹೊಲಿದದ್ದು. ಇದನ್ನ ಯಾರೂ ಬಿಚ್ಚೋ ಹಾಗಿಲ್ಲ.”

ಬೀಗದಕ್ಕ ಗಂಟು ಹಾಕಿ, ಬಗ್ಗಿ, ನೂಲನ್ನು ಹಲ್ಲಿನಿಂದ ಕಡಿಯುತ್ತಾಳೆ. ದೀಪ ಅಷ್ಟು ಹತ್ತಿರವಿದೆಯೆಂದು ಉಸಿರು ಬಿಗಿಹಿಡಿದೇ ಕಡಿಯುತ್ತಾಳೆ.