ಒಂದು ಸಲಕ್ಕೆ ಎರಡೇ ತುಂಡು

ಅಂಗಡಿಯಮ್ಮನ ಎರಡೂ ಹೆಬ್ಬೆರಳು ಹೊರಕ್ಕೆ ಬಾಗಿದ್ದವು. ಮೂವತ್ತು ವರ್ಷ ಬ್ಲೌಸ್ ಬಟ್ಟೆ ಹರಿದು ಹರಿದು ಹಾಗಾಗಿತ್ತು. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಪರ್ರನೆ ಎಳೆದರೆ ನೂಲಿನ ನೇರಕ್ಕೆ ಸೀಳಿಕೊಂಡು ಹೋಗುತ್ತಿತ್ತು.

ಚಾಮರಾಜಪೇಟೆಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ, ಲೈನಿಂಗು, ಫಾಲ್ಸು. ನಾನು ಚಿಕ್ಕಪೇಟೆಯಿಂದ ಸೀರೆ ತಂದು ಮನೆಮನೆಗೆ ಹೊತ್ತು ಮಾರಿ ಮೇಲೆ ಬಂದವಳು. ವಾರಕ್ಕೆರಡು ಸಲ ಅಲ್ಲಿಗೆ ಹೋಗಲೇಬೇಕು. ಅಂಗಡಿಯಮ್ಮ ಎಂದು ಕರೆಯುತ್ತಿದ್ದೆ. ಎಂಥ ಗಿರಾಕಿ ಬಂದರೂ ಅವರು ಒಂದು ಸಲಕ್ಕೆ ಎರಡೇ ತುಂಡು ಹರಡುತ್ತಿದ್ದರು.

"ಮೂರನೇದು ತೆಗೆದ್ರೆ ಗಿರಾಕಿ ಕೆಡ್ತಾಳೆ ಕಣೇ. ಎರಡು ಹಾಕು, ಆಮೇಲೆ ಬಾಯ್ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ವ್ಯಾಪಾರ ನಡೆಯುತ್ತಿತ್ತೇ?

ನನ್ನ ಮಗಳಿಗೆ ಆಗ ಮೂರೂವರೆ ವರ್ಷ. ಮಾತಿಲ್ಲ. ಮೊದಲ ಸಲ ಅಂಗಡಿಗೆ ಕರೆದುಕೊಂಡು ಹೋದಾಗ ಬಟ್ಟೆ ಹರಿದ ಸದ್ದಿಗೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರಿದಳು. "ಏನ್ ಹಠಾರೀ ಈ ಮಗೂಗೆ!" ಎಂದಳು ಪಕ್ಕದ ಗಿರಾಕಿ. ನಾನು ಕೈ ಎತ್ತಿಯೂ ಆಗಿತ್ತು.

"ಹೊಡೀಬೇಡ! ಹಠ ಅಲ್ಲ ಅದು. ಸದ್ದು ತಡ್ಯಕ್ಕಾಗ್ತಿಲ್ಲ ಅವಳಿಗೆ," ಎಂದರು ಅಂಗಡಿಯಮ್ಮ. ಅಂದಿನಿಂದ ನನ್ನ ಮಗಳು ಅಂಗಡಿಯಲ್ಲಿದ್ದಷ್ಟು ಹೊತ್ತೂ ಅವರು ಒಂದು ತುಂಡನ್ನೂ ಹರಿಯಲಿಲ್ಲ. ಗಿರಾಕಿಗಳು ಗೊಣಗಿದರೂ ಎಲ್ಲವನ್ನೂ ಕತ್ತರಿಯಲ್ಲೇ ನಿಧಾನವಾಗಿ ಕತ್ತರಿಸಿದರು.

ಅವಳ ಮುಂದೆಯೂ ಎರಡು ತುಂಡು ಇಟ್ಟು ಸುಮ್ಮನೆ ಕೂರುತ್ತಿದ್ದರು. ಅವಳು ಒಂದನ್ನು ಮುಟ್ಟಿದರೆ ಆ ಕ್ಷಣವೇ ಅದು ಅವಳ ಕೈಗೆ. ನಾನು ಮನೆಯಲ್ಲಿ ಬಿಸ್ಕತ್ತು ಎತ್ತಿ ಹಿಡಿದು, "ಅಮ್ಮ ಅನ್ನು, ಕೊಡ್ತೀನಿ," ಎನ್ನುತ್ತಿದ್ದೆ. ಅವಳು ಅನ್ನುತ್ತಿರಲಿಲ್ಲ; ಬಿಸ್ಕತ್ತು ಡಬ್ಬಿಗೆ ವಾಪಸು. ಇದನ್ನು ಹೇಳಿದಾಗ ಅವರು ಕೆರಳಿದರು.

"ಮಗೂ ಹತ್ರಾನೂ ಚೌಕಾಸಿ ಮಾಡ್ತೀಯಲ್ಲೇ! ಕೈ ಚಾಚಿದ್ಲಲ್ಲ, ಅದೇ ಅವಳ ಮಾತು. ಕೊಡು ಮೊದ್ಲು."

ಮೂರನೆಯ ತಿಂಗಳು, ನಾನು ಫಾಲ್ಸು ಆರಿಸುತ್ತಿದ್ದಾಗ, ಬೆನ್ನ ಹಿಂದೆ ಮಗಳ ದನಿ ಕೇಳಿಸಿತು. "ನೀಲಿ."

"ಕೇಳಿಸ್ತಾ? ಕೇಳಿಸ್ತೇನೇ?" ಅಂಗಡಿಯಮ್ಮನ ಕಣ್ಣು ತುಂಬಿತ್ತು.

"ಮನೇಲೂ ಹೇಳ್ತಾಳೆ," ಎಂದೆ. ಸುಳ್ಳು. ಹೆತ್ತವಳು ನಾನು, ಮೂರೂವರೆ ವರ್ಷ ಕಾದವಳು ನಾನು, ಮಾತು ಮಾತ್ರ ಇವರ ಅಂಗಡಿಯಲ್ಲಿ!

ಹದಿನೈದು ದಿನ ಬೇರೆ ಅಂಗಡಿಗೆ ಹೋದೆ. ಅಂಗಡಿಯಮ್ಮನ ಬೀದಿಯ ತಿರುವು ಬಂದಾಗಲೆಲ್ಲ ಮಗಳು ನನ್ನ ಕೈ ಕೊಸರಿ ಅತ್ತಳು. ಸೋತು ವಾಪಸಾದೆ.

"ನನ್ ಮೇಲೆ ಮುನಿಸಿದ್ರೆ ಇರ್ಲಿ. ಮಗೂನ ಡಾಕ್ಟರಿಗೆ ತೋರ್ಸು," ಎಂದರು.

"ನಮ್ ಯಜಮಾನ್ರೂ ಲೇಟಾಗೇ ಮಾತಾಡಿದ್ದಂತೆ. ಅತ್ತೆ ಹೇಳ್ತಾರೆ."

"ನಿಮ್ಮತ್ತೆ ಡಾಕ್ಟರಾ?"

ಒಂದು ಮಂಗಳವಾರ ಅಂಗಡಿ ಬಾಗಿಲೆಳೆದು ಅವರೇ ಜೊತೆಗೆ ಬಂದರು. ಡಾಕ್ಟರು ಕೇಳಿದರು: ಹೆಸರು ಹಿಡಿದು ಕರೆದರೆ ತಿರುಗುತ್ತಾಳಾ? ಬೇಕಾದ್ದನ್ನು ಹೇಗೆ ಕೇಳುತ್ತಾಳೆ? ಯಾವುದಕ್ಕೆ ಹೆದರುತ್ತಾಳೆ? ನಾನು ತಡವರಿಸುವಷ್ಟರಲ್ಲಿ ಅಂಗಡಿಯಮ್ಮ ಹೇಳಿ ಮುಗಿಸುತ್ತಿದ್ದರು. "ಹಿಂದಿಂದ ಕರೆದ್ರೆ ತಿರುಗಲ್ಲ ಡಾಕ್ಟ್ರೇ. ಎದುರು ಕೂತು, ಒಂದೇ ಸಲ ಕರೆದು ಸುಮ್ನಿದ್ರೆ ನೋಡ್ತಾಳೆ."

ಡಾಕ್ಟರು ಅವರತ್ತ ತಿರುಗಿ ಕೇಳಿದರು: "ಮಗೂನ ನೋಡ್ಕೊಳ್ಳೋರು ನೀವಾ?"

ಆ ಕುರ್ಚಿಯಲ್ಲಿ ನನಗಾದ ಉರಿಯನ್ನು ಇಂದಿಗೂ ಮರೆತಿಲ್ಲ.

ಆಟಿಸಂ ಎಂದರು. ನಾನು ಅಲ್ಲೂ ಚೌಕಾಸಿ ಬಿಡಲಿಲ್ಲ. "ಆರು ತಿಂಗಳಲ್ಲಿ ಸರಿ ಹೋಗಲ್ವಾ? ಒಂದು ವರ್ಷ?"

"ವಾಸಿ ಮಾಡೋ ಕಾಯಿಲೆ ಅಲ್ಲಮ್ಮ ಇದು. ಅವಳು ಕಲಿಯೋ ರೀತಿ ಬೇರೆ. ಅದನ್ನ ನೀವು ಕಲೀಬೇಕು."

ನನ್ನ ಗಿರಾಕಿಗಳಿಗೆಲ್ಲ ಈಗ ಸೀರೆಯ ಜೊತೆ ಇದನ್ನೂ ಹೇಳುತ್ತೇನೆ. ಕರೆದರೆ ಮಗು ತಿರುಗದಿದ್ದರೆ, ಮಾತು ತಡವಾದರೆ, ನೆಂಟರ ಸಮಾಧಾನ ನಂಬಿ ಕೂರಬೇಡಿ, ತೋರಿಸಿ. ನಾನು ಹೊಟ್ಟೆಕಿಚ್ಚಿನಲ್ಲಿ ಕಳೆದ ದಿನಗಳನ್ನು ನೀವು ಕಳೆಯಬೇಡಿ.

ಆಮೇಲೆ ಎರಡು ವರ್ಷ ತರಬೇತಿ. ಮಗಳಿಗೆ ಒಂದೊಂದೇ ಪದ ಬಂತು, 'ಅಮ್ಮ' ಕೂಡ, ಅಂಗಡಿಯಮ್ಮನನ್ನು ಕರೆಯಲು 'ಅಜ್ಜಿ' ಕೂಡ. ಎರಡು ಪದ ಸೇರಿಸುವುದು ಮಾತ್ರ ಬರಲಿಲ್ಲ. 'ನೀರು ಬೇಕು', 'ದೋಸೆ ಬೇಕು' ಎಂದು ತಿಂಗಳುಗಟ್ಟಲೆ ಅವಳೆದುರು ಕೂತು ಹೇಳಿದೆ. ಅವಳು 'ನೀರು' ಎನ್ನುತ್ತಿದ್ದಳು, ಅಷ್ಟೇ.

ಕಳೆದ ವರ್ಷ ಅಂಗಡಿಯಮ್ಮ ಹೃದಯಾಘಾತದಿಂದ ತೀರಿಕೊಂಡರು. ಶಂಕರಪುರದ ಅವರ ಮನೆಗೆ ಮಗಳನ್ನೂ ಕರೆದುಕೊಂಡು ಹೋದೆ. ಅವಳು ಅಳಲಿಲ್ಲ, ಅವರತ್ತ ನೋಡಲೂ ಇಲ್ಲ. ವಾಪಸು ಬರುವಾಗ ಆಟೋದಲ್ಲಿ ತಾನಾಗಿಯೇ ನನ್ನ ಮಣಿಕಟ್ಟು ಹಿಡಿದುಕೊಂಡಳು. ಇನ್ನು ಇವಳು ಪೂರ್ತಿ ನನ್ನವಳು ಎಂದು ಒಂದು ಕ್ಷಣ ಹಿಗ್ಗಿದೆ. ಸುಳ್ಳೇಕೆ ಹೇಳಲಿ, ಹಿಗ್ಗಿದೆ.

ಆಟೋ ಬುಲ್ ಟೆಂಪಲ್ ರಸ್ತೆಗೆ ತಿರುಗಿತು. ಮಗಳು ನನ್ನ ಮುಖ ನೋಡಿ, ಬಿಡಿಸಿ ಬಿಡಿಸಿ ಹೇಳಿದಳು:

"ಅಜ್ಜಿ ಬೇಕು."

ಅವಳು ಎರಡು ಪದ ಸೇರಿಸಿ ಕೇಳಿದ ಮೊದಲ ಮಾತು. ಅದನ್ನೂ ಅವರೇ ತೆಗೆದುಕೊಂಡರು. ಕೇಳಿದ್ದನ್ನು ಕೊಡೋಣವೆಂದರೆ ಅದು ನನ್ನ ಹತ್ತಿರ ಇರಲಿಲ್ಲ.